ಫ್ಲಾರೆನ್ಸ್‌ನಲ್ಲಿ ಮೂರು ರಾತ್ರಿ: ಅಮ್ಮನ ಮಂಡಿ ನೋಡಿಕೊಂಡು ಹುಡುಕಿದ ಹೋಟೆಲ್

2019ರಲ್ಲಿ ಮೊದಲ ಸಲ ಫ್ಲಾರೆನ್ಸ್‌ಗೆ ಹೋದಾಗ ನಾನು ಒಬ್ಬಳೇ. ಬಾಡಿಗೆ ಕಡಿಮೆ ಅಂತ ಊರಾಚೆ ನೊವೊಲಿ ಕಡೆ ರೂಮ್ ಹಿಡಿದಿದ್ದೆ. ಏರ್‌ಪೋರ್ಟ್‌ನಿಂದ ಊರೊಳಗೆ ಬರುವ ಟಿ2 ಟ್ರಾಮ್ ಆ ವರ್ಷವೇ ಶುರುವಾಗಿತ್ತು, ಟಿಕೆಟ್ ಒಂದೂವರೆ ಯೂರೋ. ಲೆಕ್ಕ ಚೆನ್ನಾಗೇ ಇತ್ತು. ಆದರೆ ಬೆಳಿಗ್ಗೆ ಹೊರಟರೆ ರಾತ್ರಿವರೆಗೂ ರೂಮಿನ ಮುಖ ನೋಡಲಿಲ್ಲ. ಕಾಲು ಸೋತರೆ ಯಾವುದಾದರೂ ಚರ್ಚಿನ ಮೆಟ್ಟಿಲೇ ಗತಿ.

2024ರ ನವೆಂಬರ್‌ನಲ್ಲಿ ಮತ್ತೆ ಹೋದಾಗ ಜೊತೆಗೆ ಅಮ್ಮ ಇದ್ದರು. 68 ವರ್ಷ, ಮಂಡಿ ನೋವು, ಊಟ ಆದಮೇಲೆ ಅರ್ಧ ಗಂಟೆ ಅಡ್ಡಾಗಲೇಬೇಕು. ಹಾಗಾಗಿ ಊರ ನಡುವಿನ ದೊಡ್ಡ ಚರ್ಚು ಡುವೋಮೊಗೆ ಎಷ್ಟು ಹತ್ತಿರ ಅನ್ನೋದನ್ನು ಪಕ್ಕಕ್ಕಿಟ್ಟೆ. ಮಧ್ಯಾಹ್ನ ರೂಮಿಗೆ ನಡೆದು ಬಂದು, ಸಂಜೆ ಮತ್ತೆ ಹೊರಡೋಕೆ ಆಗುತ್ತಾ? ಅಷ್ಟೇ ನೋಡಿದೆ.

ಫ್ಲಾರೆನ್ಸ್‌ನ ಹಳೇ ಊರು ಚಿಕ್ಕದು. ರೈಲ್ವೆ ಸ್ಟೇಷನ್‌ನಿಂದ ಡುವೋಮೊ ಹತ್ತು ನಿಮಿಷ, ಅಲ್ಲಿಂದ ಪೊಂಟೆ ವೆಕ್ಕಿಯೊ ಸೇತುವೆ ಇನ್ನೊಂದು ಹತ್ತು ನಿಮಿಷ. ಆರ್ನೊ ನದಿಯ ಉತ್ತರ ದಂಡೆ ಪೂರ್ತಿ ಸಮತಟ್ಟು. ಮ್ಯಾಪ್‌ನಲ್ಲಿ ತೋರಿಸುವ ನಡಿಗೆಯ ಸಮಯವನ್ನು ಅಮ್ಮನಿಗಾಗಿ ಒಂದೂವರೆ ಪಟ್ಟು ಮಾಡಿಕೊಂಡೆ. 15 ನಿಮಿಷ ಇದ್ದದ್ದು 22 ಆಯಿತು. ಅದಕ್ಕಿಂತ ಜಾಸ್ತಿ ಆದದ್ದನ್ನೆಲ್ಲ ಬಿಟ್ಟೆ.

ಸ್ಟೇಷನ್ ಪಕ್ಕದಲ್ಲಿ ಅಗ್ಗದ ಹೋಟೆಲ್ ಬೇಕಾದಷ್ಟಿವೆ. ಪೀಸಾ, ಲುಕ್ಕಾ ಅಂತ ದಿನಾ ರೈಲು ಹತ್ತುವವರಿಗೆ ಅದೇ ಸರಿ. ನಮಗೆ ಆ ಯೋಚನೆ ಇರಲಿಲ್ಲ. ಡುವೋಮೊ ಸುತ್ತ ಬೆಲೆ ಕೇಳಿಯೇ ಎದೆ ಧಸಕ್ ಅಂತು. ನದಿಯಾಚೆ ಸಾಂತೊ ಸ್ಪಿರಿತೊ ನನಗೆ ತುಂಬಾ ಇಷ್ಟದ ಜಾಗ, ಆದರೆ ಆ ಚೌಕದಲ್ಲಿ ರಾತ್ರಿ ಗ್ಲಾಸು ಹಿಡಿದು ನಿಂತವರ ಗಲಾಟೆ ಸುಲಭಕ್ಕೆ ನಿಲ್ಲೋದಿಲ್ಲ. ಕೊನೆಗೆ ಉಳಿದದ್ದು ಪೂರ್ವದ ಕಡೆಯ ಸಾಂತ್ ಆಂಬ್ರೋಜೊ. ಸಾಂತಾ ಕ್ರೋಚೆ ಚರ್ಚಿನಿಂದ ಐದಾರು ನಿಮಿಷ, ಡುವೋಮೊಗೆ ಹದಿನೈದರೊಳಗೆ. ನಮಗೆ ಸಿಕ್ಕ ರೂಮ್ ದಿನಕ್ಕೆ 95 ಯೂರೋ. ಅದೇ ವಾರ ಡುವೋಮೊ ಹತ್ತಿರ ಅಂಥದ್ದೇ ರೂಮಿಗೆ 160 ಕೇಳುತ್ತಿದ್ದರು.

ಜಾಗ ಗೊತ್ತಾದ ಮೇಲೆ ಹೋಟೆಲ್ ಆರಿಸೋದು ಇನ್ನೊಂದು ತಲೆನೋವು. ಅಲ್ಲಿನ ಚಿಕ್ಕ ಹೋಟೆಲ್‌ಗಳು ಎಷ್ಟೋ ಕಡೆ ಹಳೇ ಕಟ್ಟಡದ ಒಂದು ಮಹಡಿಯಲ್ಲಿ ಮಾತ್ರ ಇರುತ್ತವೆ. ಆ ಕಟ್ಟಡಗಳ ಚಾವಣಿ ಎತ್ತರ, ಹಾಗಾಗಿ ಎರಡನೇ ಮಹಡಿ ಅಂದರೆ ನಮ್ಮ ಮೂರನೇ ಮಹಡಿಯಷ್ಟು ಹತ್ತಬೇಕು. ಹೋಟೆಲಿನವರು ಹಾಕುವ ಫೋಟೋದಲ್ಲಿ ಮೆಟ್ಟಿಲು ಕಾಣಿಸುತ್ತದೆಯೇ? ಹಾಗಾಗಿ ಇಟಾಲಿಯನ್ನರು ಬರೆದ ಅಭಿಪ್ರಾಯಗಳಲ್ಲಿ ಮೂರು ಪದ ಹುಡುಕಿದೆ: 'ಅಶೆನ್ಸೋರೆ' ಅಂದರೆ ಲಿಫ್ಟ್, 'ಸ್ಕಾಲೆ' ಅಂದರೆ ಮೆಟ್ಟಿಲು, 'ರುಮೋರೆ' ಅಂದರೆ ಸದ್ದು. ಈ ಮೂರರಲ್ಲೇ ಅರ್ಧ ಪಟ್ಟಿ ಖಾಲಿ. ಸಾಂತ್ ಆಂಬ್ರೋಜೊ ಚರ್ಚಿನ ಮುಂದೆಯೂ ರಾತ್ರಿ ಜನ ಸೇರುತ್ತಾರೆ ಅಂತ ಗೊತ್ತಾಗಿದ್ದು 'ರುಮೋರೆ'ಯಿಂದಲೇ. ಹೋಟೆಲಿನವರಿಗೆ ಬರೆದು, ಬೀದಿ ಕಡೆ ಬೇಡ, ಹಿಂದಿನ ಅಂಗಳದ ಕಡೆ ಕಿಟಕಿ ಇರುವ ರೂಮ್ ಕೊಡಿ ಅಂತ ಕೇಳಿದೆ. ಕೊಟ್ಟರು.

ರೋಮ್‌ನಿಂದ ವೇಗದ ರೈಲಿನಲ್ಲಿ ಒಂದೂವರೆ ಗಂಟೆ. ಟಿಕೆಟ್‌ನಲ್ಲಿ 'ಎಸ್. ಎಂ. ನೊವೆಲ್ಲಾ' ಅಂತ ಇದೆಯಾ ನೋಡಿಕೊಳ್ಳಿ, ಫ್ಲಾರೆನ್ಸ್‌ನಲ್ಲಿ ಬೇರೆ ಸ್ಟೇಷನ್‌ಗಳೂ ಇವೆ. ಸ್ಟೇಷನ್‌ನಿಂದ ಹೋಟೆಲ್‌ಗೆ ಸುಮಾರು ಎರಡು ಕಿಲೋಮೀಟರ್. ನಡೆದೇಬಿಡೋಣ ಅಂತ ನಾನು ಹಟ ಹಿಡಿದೆ. ಕಲ್ಲು ಹಾಸಿದ ಬೀದಿ, ಗೇಣಗಲದ ಫುಟ್‌ಪಾತ್, ಸೂಟ್‌ಕೇಸಿನ ಚಕ್ರದ ಗಡಗಡ. ನೂರು ಹೆಜ್ಜೆಗೆ ಅಮ್ಮ ನಿಂತರು. "ಮೂರು ದಿನ ನಡೆಯೋದಿದೆ, ಇವತ್ತೇ ಮುಗಿಸ್ತೀಯೇನೇ?" ಸುಮ್ನೆ ವಾಪಸ್ ಹೋಗಿ ಬಿಳಿ ಟ್ಯಾಕ್ಸಿ ಹಿಡಿದೆ. ಹೊರಡುವ ದಿನವೂ ಟ್ಯಾಕ್ಸಿಯೇ. ಈ ಎರಡು ಸಲದ ಖರ್ಚನ್ನು ರೂಮಿನ ಬಾಡಿಗೆಗೆ ಸೇರಿಸಿಯೇ ಹೋಲಿಸಬೇಕು. ಹೋಟೆಲ್ ಕೌಂಟರಿನಲ್ಲಿ ಬೇರೆಯಾಗಿ ಕೊಡಬೇಕಾದ ಪ್ರವಾಸಿ ತೆರಿಗೆಯನ್ನೂ ಸೇರಿಸಿ. ಅದು ತಲೆಗಿಷ್ಟು, ರಾತ್ರಿಗಿಷ್ಟು. ಇಬ್ಬರು ಮೂರು ರಾತ್ರಿ ಇದ್ದರೆ ಆರು ಸಲ ಕೊಟ್ಟ ಹಾಗೆ. ಹೋಟೆಲಿನ ಸ್ಟಾರ್ ಹೆಚ್ಚಿದಷ್ಟೂ ತೆರಿಗೆಯೂ ಹೆಚ್ಚು.

ಸಾಂತ್ ಆಂಬ್ರೋಜೊ ಬಡಾವಣೆಯ ಜೀವ ಅಂದರೆ ಮಾರ್ಕೆಟ್ಟು. 1873ರ ಕಬ್ಬಿಣದ ಚಪ್ಪರದ ಕಟ್ಟಡ. ವಿನ್ಯಾಸ ಜುಸೆಪ್ಪೆ ಮೆಂಗೋನಿಯದು, ಮಿಲಾನ್‌ನಲ್ಲಿ ಗಾಜಿನ ಚಾವಣಿಯ ಕೆಳಗೆ ಅಂಗಡಿ ಸಾಲಿರುವ ದೊಡ್ಡ ಗ್ಯಾಲರಿಯ ವಿನ್ಯಾಸವೂ ಅವನದೇ. ಹೊರಗೆ ತರಕಾರಿ, ಹಣ್ಣು; ಒಳಗೆ ಚೀಸು, ಮಾಂಸ. ಹೆಚ್ಚಿನ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಖಾಲಿಯಾಗುತ್ತೆ, ಭಾನುವಾರ ರಜ. ಪ್ರವಾಸಿಗರಿಗಿಂತ ಚೀಲ ಹಿಡಿದ ಅಜ್ಜಿಯರೇ ಜಾಸ್ತಿ. ಅಮ್ಮನಿಗೆ ಉಫಿತ್ಸಿ ಚಿತ್ರಶಾಲೆಗಿಂತ ಇದೇ ಹಿಡಿಸಿತು ಅಂತ ನನ್ನ ಅನುಮಾನ. ಸ್ವಲ್ಪ ನಡೆದರೆ ಹಸಿರು ಗುಮ್ಮಟದ ಯಹೂದಿ ಮಂದಿರ, ಅದರ ಪಕ್ಕದಲ್ಲೇ ಮಾಂಸ ಬಡಿಸದ ಒಂದು ಊಟದ ಮನೆ. ಮೀನು ಇರುತ್ತೆ, ಹೇಳಿ ಬಿಡಿಸಿಕೊಂಡರೆ ಆಯಿತು.

ಒಂದು ರಾತ್ರಿ ಮಾತ್ರ ಚೆನ್ನಾಗಿ ಅಲೆದೆವು. ಊಟಕ್ಕೆ ಹುಡುಕಿದ್ದ ವಿಳಾಸದಲ್ಲಿ ಬಾಗಿಲು ಸಂಖ್ಯೆ 32. ನೋಡಿದರೆ ಯಾರದೋ ಮನೆ. ಫ್ಲಾರೆನ್ಸ್‌ನಲ್ಲಿ ಒಂದೇ ಬೀದಿಗೆ ಎರಡು ಸಾಲು ಸಂಖ್ಯೆ: ಅಂಗಡಿ, ಊಟದ ಮನೆಗಳಿಗೆ ಕೆಂಪು, ಮನೆಗಳಿಗೆ ಕಪ್ಪು ಅಥವಾ ನೀಲಿ. ವಿಳಾಸದಲ್ಲಿ ಸಂಖ್ಯೆಯ ಕೊನೆಗೆ 'ಆರ್' ಅಂತಿದ್ದರೆ ಕೆಂಪು. ನಾನು ಆ ಅಕ್ಷರವನ್ನು ಗಮನಿಸಿರಲೇ ಇಲ್ಲ. ಕೆಂಪು 32 ಬೀದಿಯ ಇನ್ನೊಂದು ತುದಿಯಲ್ಲಿತ್ತು.

ಕೊನೆಯ ದಿನ, ಇಡೀ ಊರು ಕಾಣುವ ಮಿಕೆಲಾಂಜೆಲೊ ದಿಬ್ಬಕ್ಕೆ ಹೋಗಬೇಕಿತ್ತು. ಬಸ್ ಇದೆ ಅಂದೆ. "ನೀನು ಹೋಗಿ ಬಾ, ನಾನಿಲ್ಲೇ ಇರ್ತೀನಿ" ಅಂದರು ಅಮ್ಮ. ನವೆಂಬರ್‌ನಲ್ಲಿ ಐದಕ್ಕೆಲ್ಲ ಕತ್ತಲು, ಅದಕ್ಕೇ ನಾಲ್ಕಕ್ಕೆ ಹೊರಟು ಪೊಂಟೆ ಅಲ್ಲೆ ಗ್ರಾತ್ಸಿಯೆ ಸೇತುವೆ ದಾಟಿ, ಸಾನ್ ನಿಕ್ಕೊಲೊ ಕಡೆಯಿಂದ ಮೆಟ್ಟಿಲು ಹತ್ತಿದೆ. ವಾಪಸ್ ಬರುವಷ್ಟರಲ್ಲಿ ಅಮ್ಮ ಒಬ್ಬರೇ ಬೀದಿಗಿಳಿದು, ಕೈಸನ್ನೆಯಲ್ಲೇ ಬೇಕರಿಯಿಂದ ಬ್ರೆಡ್ ತಂದಿದ್ದರು.

"ಉಪ್ಪು ಹಾಕೋದನ್ನೇ ಮರೆತಿದಾರೆ ಕಣೇ, ಹೋಗಿ ಹೇಳು."

ಈ ಟಸ್ಕನಿ ಸೀಮೆಯ ಬ್ರೆಡ್ಡೇ ಹಾಗೆ, ಉಪ್ಪು ಹಾಕೋದಿಲ್ಲ ಅಂದೆ. ಅವರು ನಂಬಲಿಲ್ಲ. ಬ್ಯಾಗಿನ ತಳದಿಂದ ಚಟ್ನಿಪುಡಿ ಡಬ್ಬಿ ತೆಗೆದರು.