ಮುಧೋಳ ನಾಯಿ: ಕುರುಬರ ಗಂಡು ನಾಯಿ ತಂದು ಮರಿ ಮಾಡಿಸಿದ ನನ್ನ ಅನುಭವ

ಈ ಸಲದ ಏಳೂ ಮರಿ ಉಳದಾವ, ಅದಕ್ಕ ಬರ್ಯಾಕತ್ತೀನಿ. ವಂಶಾವಳಿ ಕಾಗದ ಇಲ್ಲದ ಗಂಡು ಬಿಡ್ತಿಯಲ್ಲ, ಕಲಬೆರಕಿ ಆಗ್ತಾವು, ಯಾರೂ ತಗೊಳ್ಳಂಗಿಲ್ಲ ಅಂತ ಅಂದವ್ರು ಒಮ್ಮೆ ಬಂದು ನೋಡ್ರಿ.

2005ರಾಗ ಮುಧೋಳ ನಾಯಿ ಅಂಚೆ ಚೀಟಿ ಬಂತು, 2016ರಾಗ ಮಿಲಿಟರಿಯವ್ರು ಮರಿ ಒಯ್ದ್ರು, 2020ರಾಗ ಪ್ರಧಾನಿ ಮನ್ ಕಿ ಬಾತ್‌ನಾಗ ಹೆಸರು ಹೇಳಿದ್ರು, ನಮಗ ಫೋನ್ ಮ್ಯಾಲೆ ಫೋನು. ಎಲ್ಲಾರೂ ಹೆಸರು ಮಾಡಿದ ಒಂದೆರಡು ಗಂಡಿಗೇ ತಮ್ಮ ಹೆಣ್ಣು ಒಯ್ಯಾಕ ಶುರು ಮಾಡಿದ್ರು, ಅಣ್ಣ ತಂಗಿ ನೋಡ್ಲಿಲ್ಲ, ಅಪ್ಪ ಮಗಳು ನೋಡ್ಲಿಲ್ಲ. ರೇಸಿನವ್ರು ಓಟ ಬೇಕಂತ ಗ್ರೇಹೌಂಡ್ ಅನ್ನೋ ವಿದೇಶಿ ಓಟದ ನಾಯಿ ಸೇರಿಸಿದ್ರು. ಎರಡರಾಗೂ ತಳಿ ಹಾಳು.

ನನ್ನ ಮೊದಲಿನ ಜೋಡಿ ಕಾಗದದಾಗ ಚಂದ ಇದ್ವು. ಹುಟ್ಟಿದ್ದು ಮೂರ್ನಾಕು ಮರಿ, ಒಂದಕ್ಕ ಒಂದೇ ಬೀಜ ಇಳಿದಿತ್ತು, ಉಳಿದವ್ನ ಪಾರ್ವೊ ಅನ್ನೋ ವೈರಸ್ ಜಡ್ಡು ಒಯ್ತು. ಡ್ರಿಪ್ಪು ಔಷಧ ಅಂತ ನಲವತ್ತು ಸಾವಿರದ ಹತ್ರ ಹೋತು. ಆಮ್ಯಾಲೆ ಹಿಂದಿನ ತಲೆಮಾರು ಕೆದಕಿದ್ರ ತಾಯಿ ಕಡೆ ಅಜ್ಜ, ತಂದಿ ಕಡೆ ಅಜ್ಜ ಒಂದೇ ನಾಯಿ!

ಅದಕ್ಕ ಮಹಾರಾಷ್ಟ್ರದ ಜತ್ತ ಕಡೆ ಕುರುಬರ ಕುರಿ ಹಿಂಡಿನ ಬೆನ್ನ ಹತ್ತಿದೆ. ಅಲ್ಲಿ ಡಾಗ್ ಶೋ ಇಲ್ಲ, ಕೆಲಸ ಮಾಡೋ ನಾಯಿನ್ನಷ್ಟೇ ಇಟ್ಕೋತಾರ. ಒಂದು ಕಂದು ಗಂಡು ಕಂಡೆ, ಎತ್ತರ 28 ಇಂಚಿನ ಆಸುಪಾಸು, ತೋಳನ ಜೋಡಿ ಜಗಳಾಡಿ ಬಲಗಿವಿ ಹರಕೊಂಡಿತ್ತು, ಮೈಯಾಗ ಒಂಚೂರು ಕೊಬ್ಬಿಲ್ಲ, ನಾ ಹತ್ರ ಹೋದ್ರೂ ಬೊಗಳ್ಲಿಲ್ಲ, ಸುಮ್ಮನ ಎದ್ದು ಕುರಿಗೂ ನನಗೂ ನಡುವ ಬಂದು ನಿಂತ್ತು. ಹಿಂಡಿನ ಯಜಮಾನ ಅಜ್ಜ ಅಂದ, "ರೊಕ್ಕ ಬ್ಯಾಡೋ ತಮ್ಮಾ, ಒಂದು ಹೆಣ್ಣು ಮರಿ ಕೊಡು." ಕೂಡೋವಾಗ ಹರಡೋ ಬ್ರುಸೆಲ್ಲಾ ಜಡ್ಡಿನ ಟೆಸ್ಟ್ ಮಾಡಿಸಿ, ಕೆಲವು ವಾರ ಬ್ಯಾರೆ ಕಟ್ಟಿ, ಆಮ್ಯಾಲೆ ನಮ್ಮ ಮುಧೋಳ ಹತ್ರದ ತಿಮ್ಮಾಪುರ ಶ್ವಾನ ಸಂಶೋಧನಾ ಕೇಂದ್ರದಿಂದ ತಂದ ಹೆಣ್ಣಿಗೆ ಬಿಟ್ಟೆ. ಗ್ರೇಹೌಂಡ್ ರಕ್ತ ಗುರುತು ಹಿಡಿಯೋದಕ್ಕ ನನ್ನ ಹತ್ರ ಒಂದು ಉಪಾಯ ಐತಿ, ಇಲ್ಲಿ ಬರೆಯಂಗಿಲ್ಲ, ಬರದ್ರ ದಲ್ಲಾಳಿಗಳು ಅದಕ್ಕ ತಕ್ಕಂಗ ಮರಿ ಆರಿಸಿ ತರ್ತಾರ.

ನಡುವ ಮರಿಗಳ ಓಟ ನೋಡಾಕ ಇನ್ನೊಂದು ಮಾಡಿದೆ. ಮೊಲ ಬೆನ್ನಟ್ಟಿಸೋದು ಕಾನೂನಿನಾಗೂ ತಪ್ಪು, ನನಗೂ ಸೇರಂಗಿಲ್ಲ. ಹಳೇ ಬೈಕಿನ ಹಿಂದಿನ ಗಾಲಿ ಟೈರ್ ಬಿಚ್ಚಿ, ರಿಮ್ಮಿಗೆ ನೈಲಾನ್ ದಾರ ಸುತ್ತೋ ಹಂಗ ಮಾಡಿ, ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ ಎಕ್ಸಲೇಟರ್ ಕೊಟ್ಟೆ. ಕಣ್ಣಿಂದ ಬ್ಯಾಟಿ ಆಡೋ ನಾಯಿ ಇವು, ಚೀಲ ಹಾರಿದ್ದೇ ತಡ ಕಿತ್ಕೊಂಡು ಓಡಿದ್ವು. ಯಾವ ಮರಿ ಹೆಂಗ ತಿರುಗ್ತೈತಿ, ಯಾವುದು ನಡುವ ಬಿಡ್ತೈತಿ ಎಲ್ಲಾ ತಿಳೀತೈತಿ.

ರೊಕ್ಕದ ಮಾತು. ದಲ್ಲಾಳಿಗಳು ತಿಂಗಳ ಮರಿನೇ ಕೊಡು ಅಂತಾರ. ನಾಯಿ ಮರಿ ಮಾಡಿಸಿ ಮಾರೋರಿಗೆ ಕೇಂದ್ರ ಸರ್ಕಾರ ತಂದ 2017ರ ನಿಯಮದಾಗ 8 ವಾರಕ್ಕಿಂತ ಸಣ್ಣ ಮರಿ ಮಾರಂಗಿಲ್ಲ, ಒಂದು ಹೆಣ್ಣಿಗೆ ಜೀವಮಾನದಾಗ ಐದೇ ಸೂಲು. ನಾ ಎರಡು ತಿಂಗಳು ತುಂಬಿದ ಮ್ಯಾಲೆ ಕೊಟ್ಟೆ. ಹಾಲು, ತತ್ತಿ, ಗೋವಿನಜೋಳದ ನುಚ್ಚು, ಲಸಿಕೆ ಸೇರಿ ಆ ಹೆಚ್ಚಿನ ತಿಂಗಳಿಗೆ ಮರಿಗೆ ಎರಡೂವರೆ ಮೂರು ಸಾವಿರ ಬಿತ್ತು, ಮಾರಿದ್ದು ಹನ್ನೆರಡು ಹದಿನೈದು ಸಾವಿರದ ಲೆಕ್ಕದಾಗ. ಅಪಾರ್ಟ್‌ಮೆಂಟಿನಾಗ ಕಟ್ಟಿ ಹಾಕ್ತೀನಿ ಅಂದವ್ರಿಗೆ ಇಪ್ಪತ್ತು ಕೊಟ್ರೂ ಕೊಡ್ಲಿಲ್ಲ.

ಅಜ್ಜನ ಮರಿ ಅಜ್ಜನ ಹಿಂಡಿಗೆ ಮುಟ್ಟೈತಿ. ಎರಡು ಹೆಣ್ಣು ನಾನೇ ಇಟ್ಕೊಂಡೀನಿ, ಅವಕ್ಕ ಮಹಾರಾಷ್ಟ್ರದ ಸಾಂಗೋಲಾ ಕಡೆ ಬ್ಯಾರೆ ಗಂಡು ನೋಡಿಟ್ಟೀನಿ. ನಿಮ್ಮ ಹತ್ರ ಒಳ್ಳೆ ಹೆಣ್ಣಿದ್ರ ಅದರ ಅಜ್ಜ ಅಜ್ಜಿ ಯಾವ ನಾಯಿ ಅಂತ ಬರಕೊಂಡು ಬರ್ರಿ, ಸಂಬಂಧ ಇಲ್ಲಂದ್ರ ನಮ್ಮ ಗಂಡು ಬಿಡೋಣ, ಫೀ ಬ್ಯಾಡ.