ಹೆಡ್‌ಲೈಟ್ ಹಾಕಿದರೆ ಏರುವ ಟೆಂಪರೇಚರ್ ಮುಳ್ಳು

ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವಾಗ ನಮ್ಮ ಹಳೆಯ ಪೆಟ್ರೋಲ್ ಕಾರಿನ ಟೆಂಪರೇಚರ್ ಮುಳ್ಳು ಒಮ್ಮೆಲೇ ಕೆಂಪಿನ ಹತ್ತಿರ ಹಾರಿ, ಮರುಕ್ಷಣ ಇಳಿಯುತ್ತಿತ್ತು. ನೀರಿನ ಬಿಸಿ ಹಾಗೆ ಕ್ಷಣದಲ್ಲಿ ಏರಿ ಇಳಿಯುವಂಥದ್ದಲ್ಲ. ಸಂಶಯ ವಯರಿಂಗ್ ಮೇಲೆಯೇ. ಆದರೂ ಇಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಕೂಲೆಂಟ್ ನೋಡಿದೆ. ಕಡಿಮೆಯಾದರೆ ಬಿಸಿ ಅಳೆಯುವ ಸೆನ್ಸರಿಗೆ ಹಬೆ ತಾಗಿ ಮುಳ್ಳು ಕುಣಿಯುವುದುಂಟು. ತುಂಬಿತ್ತು.

ಇಂಥ ಗಾಡಿಯಲ್ಲಿ ಸೆನ್ಸರಿಗೆ ಒಂದೇ ವಯರ್. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿದು ಮುಳ್ಳು ಏರುತ್ತದೆ. ಕರೆಂಟ್ ವಾಪಸಾಗುವುದು ಇಂಜಿನ್ ಮೈಯ ಮೂಲಕ. ಇಗ್ನಿಷನ್ ಆನ್ ಮಾಡಿ ವಯರ್ ಕಳಚಿದೆ, ಮುಳ್ಳು ತಳಕ್ಕೆ ಬಿತ್ತು. ವಯರನ್ನು ಇಂಜಿನ್ನಿಗೆ ಒಂದೇ ಕ್ಷಣ ತಾಗಿಸಿದೆ, ತುದಿಗೆ ಹೋಯಿತು. ಅಲ್ಲಿಗೆ ಮೀಟರೂ ವಯರೂ ಸರಿ.

ಸೆನ್ಸರ್ ಬದಲಿಸುವುದೇ ಒಳ್ಳೆಯದು ಎಂದರು ಗ್ಯಾರೇಜಿನವರು. ಆದರೆ ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಏರುವುದು, ಆರಿಸಿದರೆ ಇಳಿಯುವುದು ಸೆನ್ಸರಿನ ಲಕ್ಷಣವಲ್ಲ. ಇಂಜಿನ್ ಓಡುತ್ತಿರುವಾಗ ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಇಂಜಿನ್ನಿಗೆ, ಇನ್ನೊಂದು ಬಾಡಿಗೆ ಹಿಡಿದೆ: 0.8 ವೋಲ್ಟ್! 0.2 ದಾಟಲೇಬಾರದು; ದಾಟಿದರೆ ಎರಡರ ನಡುವೆ ಕರೆಂಟ್ ವಾಪಸಾಗುವ ದಾರಿ ಕೆಟ್ಟಿದೆ ಎಂದರ್ಥ. ಇಂಜಿನ್ ಮತ್ತು ಬಾಡಿಯನ್ನು ಜೋಡಿಸುವ ಅರ್ಥ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ತಾಮ್ರಕ್ಕೆ ಹಸಿರು ಕಿಲುಬು, ಅಡಿಯಲ್ಲಿ ತುಕ್ಕಿನ ಪುಡಿ. ನಮ್ಮ ಕಾಸರಗೋಡಿನ ಮಳೆಗಾಲ ಕಬ್ಬಿಣವನ್ನು ಬಿಡುವುದುಂಟೇ! ಸ್ಯಾಂಡ್ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದೆ. ಈಗ ಲೈಟ್ ಹಾಕಿದರೂ ಮುಳ್ಳು ಅಲುಗುವುದಿಲ್ಲ.

ನಿಮ್ಮ ಗಾಡಿಯಲ್ಲಿ ಪೆಟ್ರೋಲ್ ಮುಳ್ಳೂ ಜೊತೆಗೇ ಕುಣಿಯುತ್ತಿದ್ದರೆ, ಮೊದಲು ಡ್ಯಾಶ್‌ಬೋರ್ಡ್ ಹಿಂದಿನ ವೋಲ್ಟೇಜ್ ರೆಗ್ಯುಲೇಟರನ್ನೂ ಮೀಟರಿನ ಅರ್ಥನ್ನೂ ನೋಡಿ.