ರಜೆಯಿಂದ ಹಿಂದಕ್ಕೆ ಎಣಿಸಿ ಮಾಡಿದ ಶಾಲಾ ತೋಟ

ಶಾಲಾ ತೋಟಕ್ಕೆ ಹುಳ-ಹುಪ್ಪಟೆಗಿಂತ ದೊಡ್ಡ ಶತ್ರು ರಜೆ. ಎಲ್ಲ ಕಡೆ ನಡೆಯುವುದು ಒಂದೇ: ಉತ್ಸಾಹದಲ್ಲಿ ಟೊಮೆಟೊ, ಬದನೆ ಸಸಿ ನೆಡುತ್ತಾರೆ, ಕಾಯಿ ಕಚ್ಚುವಾಗ ಪರೀಕ್ಷೆ, ಹಣ್ಣಾಗುವಾಗ ಶಾಲೆಗೆ ಬೀಗ. ನಾವು ಲೆಕ್ಕವನ್ನೇ ತಿರುಗಿಸಿದೆವು. ರಜೆ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿ, ಪರೀಕ್ಷೆಯ ವಾರಗಳನ್ನು ಕಳೆದು, ಮಿಕ್ಕ ದಿನಗಳಲ್ಲಿ ಮುಗಿಯುವ ಬೆಳೆಯನ್ನಷ್ಟೇ ಹಾಕುವುದು. ಮೆಂತ್ಯ, ಹರಿವೆ ಸೊಪ್ಪಿಗೆ 25–30 ದಿನ. ಮೂಲಂಗಿಗೆ ತಳಿ ನೋಡಿಕೊಂಡು 30ರಿಂದ 45. ಗಿಡ ಬೀನ್ಸ್, ಬೆಂಡೆ ಮೊದಲ ಕೊಯ್ಲಿಗೆ 45–50. ಇದರ ಮೇಲೆ ಒಂದು ವಾರ ಹೆಚ್ಚಿಗೆ ಇಟ್ಟುಕೊಳ್ಳಬೇಕು, ಚಳಿ ಬಿದ್ದರೆ ಎರಡು ವಾರ.

"ಸೊಪ್ಪು, ಮೂಲಂಗಿ ಬೆಳೆಸಿ ಮಕ್ಕಳಿಗೆ ಏನು ಕೃಷಿ ಕಲಿಸುತ್ತೀರಿ" ಎಂದವರಲ್ಲಿ ರೈತರೂ ಇದ್ದರು, ಶಿಕ್ಷಕರೂ ಇದ್ದರು. ವರ್ಷಕ್ಕೆ ಮೂರು-ನಾಲ್ಕು ಸಲ ಬಿತ್ತಿ ಅಷ್ಟೇ ಸಲ ಕೊಯ್ದ ಮಕ್ಕಳು ಮುಂದಿನ ವರ್ಷ ಬೀಜದ ಅಂತರ ತಾವೇ ಹೇಳುತ್ತಾರೆ. ಈಗ ಅದೇ ಶಿಕ್ಷಕರು ಸರಾಸರಿ, ಶೇಕಡಾವಾರು ಕಲಿಸಲು ನೀರು, ತೂಕದ ಲೆಕ್ಕ ಬರೆದಿಡುವ ತೋಟದ ಪುಸ್ತಕ ಕೇಳಿ ಒಯ್ಯುತ್ತಾರೆ.

ದುಡ್ಡಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೇಲಿಗೂ ನೀರಿಗೂ ಹೋಯಿತು, ಕಾಲುಭಾಗ ಸಲಕರಣೆಗೆ. ಬೀಜಕ್ಕೆ ನೂರಕ್ಕೆ ಐದು ಪಾಲೂ ಹೋಗಿರಲಿಕ್ಕಿಲ್ಲ. ದಾನ ಕೊಡುವವರಿಗೆ ಮಾತ್ರ ಬೀಜ, ಸಸಿ, ಬೋರ್ಡು ಕೊಡುವುದೇ ಇಷ್ಟ. ಅವರನ್ನು ಬೇಲಿಗೆ ಒಪ್ಪಿಸಬೇಕು. ಬೇಲಿ ಇಲ್ಲದೆ ಬಿತ್ತಿದರೆ ಒಂದೇ ರಾತ್ರಿಯ ಮೇವು. ಹನಿ ನೀರಾವರಿ ಕಿಟ್ ಬಿಟ್ಟಿ ಬಂದರೂ ಮೊದಲ ವರ್ಷ ಬೇಡ: ನೀರು ಹನಿಸುವ ಡ್ರಿಪ್ಪರ್‌ನ ತೂತಿನಲ್ಲಿ ಮಣ್ಣು ಕಟ್ಟಿಕೊಂಡರೆ ಯಾರಿಗೂ ತಿಳಿಯುವುದಿಲ್ಲ, ಎಷ್ಟು ನೀರು ಹೋಯಿತು ಎಂಬುದು ಮಕ್ಕಳ ಕಣ್ಣಿಗೂ ಬೀಳುವುದಿಲ್ಲ. ಎರಡನೇ ವರ್ಷದಿಂದ ಖರ್ಚು ಸುಮಾರು ಐದನೇ ಒಂದು ಪಾಲಿಗೆ ಇಳಿಯಿತು. ಹೆಚ್ಚಿನದು ಗುದ್ದಲಿ ಕಾವಿಗೂ ಮಕ್ಕಳಿಗೆ ಕಲಿಸಲು ಬರುವ ರೈತರ ಸಂಭಾವನೆಗೂ.

ಹೌದು, ಸಂಭಾವನೆ ಕೊಡಲೇಬೇಕು. ಊರಿನ ರೈತ ತನ್ನ ಕೆಲಸ ಬಿಟ್ಟು ಬರುತ್ತಾನೆ. ಆ ಹೊತ್ತಿನ ಕೂಲಿಯಷ್ಟಾದರೂ ಕೊಡದೆ ಹಾರ ಹಾಕಿ ಕಳಿಸಿದರೆ ಎರಡನೇ ಸಲ ಬರುವುದಿಲ್ಲ. ಬಂದವರಿಗೆ ಮೈಕ್ ಕೊಡಬಾರದು, ಕುರ್ಚಿಯನ್ನೂ ಹಾಕಬಾರದು. ಒಂದು ಭೇಟಿಗೆ ಒಂದೇ ಕೆಲಸ, 20 ನಿಮಿಷ. ಉದಾಹರಣೆಗೆ ಮಣ್ಣಿನ ಹದ ನೋಡುವುದು: ಒಂದು ಗೇಣು ಆಳದಿಂದ ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಅಂಗೈ ಬಿಚ್ಚಿ, ಉಂಡೆಯನ್ನು ಹೆಬ್ಬೆರಳಿನಿಂದ ತಳ್ಳುವುದು. ಉಂಡೆ ಕಟ್ಟಿ, ತಳ್ಳಿದ ಕೂಡಲೇ ಒಡೆದರೆ ಹದ. ಬೆರಳಿನ ಗುರುತು ಉಳಿದು ಅಂಟಿಕೊಂಡರೆ ಇನ್ನೂ ಹಸಿ, ಅಗೆದರೆ ಹೆಂಟೆಯಾಗುತ್ತದೆ. ಉಂಡೆಯೇ ಕಟ್ಟದಿದ್ದರೆ ನೀರು ಬೇಕು. ಪ್ರತಿ ಮಗುವೂ ತನ್ನ ಕೈಯಲ್ಲಿ ಮಾಡಿ ನೋಡಿದ ಮೇಲೆಯೇ ರೈತರು ಹೊರಡುವುದು. ದೊಡ್ಡ ಕೃಷಿಕರಿಗಿಂತ ಮನೆಯ ಹಿತ್ತಲು ನೋಡಿಕೊಳ್ಳುವ ಅಜ್ಜಿಯರು ಇದಕ್ಕೆ ಒಳ್ಳೆಯವರು. ಅವರಿಗೆ ತಾಳ್ಮೆ ಇರುತ್ತದೆ, ರಜೆಯಲ್ಲಿ ನೀರು ಹಾಕಲೂ ಸಿಗುತ್ತಾರೆ.

ಮಡಿಯ ಅಳತೆ ದೊಡ್ಡವರ ತೋಟದ ಹಾಗಲ್ಲ. ಎರಡೂ ಬದಿಯಿಂದ ಕೈ ಎಟುಕಬೇಕು, ಹಾಗಾಗಿ ಅಗಲ 80 ಸೆಂ.ಮೀ. ಸಾಕು. ನಾಲ್ಕು ಅಡಿ ಮಾಡಿದರೆ ನಡುವಿನ ಕಳೆ ಕೀಳಲು ಮಕ್ಕಳು ಮಡಿಯೊಳಗೆ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. ಉದ್ದ 3 ಮೀಟರ್, ನಡುದಾರಿ ಅರ್ಧ ಮೀಟರ್. ಒಂದು ಮಡಿಗೆ ಆರು ಮಕ್ಕಳು. ಬಿಸಿಲು ಕಾಲದಲ್ಲಿ ಚದರ ಮೀಟರಿಗೆ ದಿನಕ್ಕೆ 4–5 ಲೀಟರ್ ಹಿಡಿದರೆ ಆ ಮಡಿಗೆ 10–12 ಲೀಟರ್. ಎರಡು ಲೀಟರಿನ ಡಬ್ಬ ಆರು ಕೊಂಡರೆ ಒಬ್ಬೊಬ್ಬರಿಗೆ ಒಂದು ಡಬ್ಬ, ಲೆಕ್ಕ ಸರಿ ಹೋಯಿತು. ಹತ್ತು ಲೀಟರಿನ ನೀರುಣಿಸುವ ಡಬ್ಬ ಸಣ್ಣ ಮಕ್ಕಳಿಗೆ ಎತ್ತಲಾಗದು. ಎಳೆದುಕೊಂಡು ಹೋಗಿ ಒಂದೇ ಕಡೆ ಸುರಿದು ಬರುತ್ತಾರೆ, ಬೀಜವೆಲ್ಲ ತೇಲಿ ಮೂಲೆಗೆ ಸೇರುತ್ತದೆ.

ಬೀಜ ಕೊಳ್ಳುವಾಗ ಒಂದು ಎಚ್ಚರಿಕೆ: ಗುಲಾಬಿ, ನೀಲಿ ಬಣ್ಣ ಬಳಿದ ಬೀಜ ಮಕ್ಕಳ ಕೈಗೆ ಹೋಗಬಾರದು, ಅದಕ್ಕೆ ಔಷಧ ಲೇಪಿಸಿರುತ್ತಾರೆ. ಉಪಚರಿಸದ ಬೀಜವನ್ನೇ ಕೇಳಿ ತರಬೇಕು. ಹಾಗೆಯೇ ಹಸಿ ಸಗಣಿಯನ್ನು ಸೊಪ್ಪು, ಮೂಲಂಗಿ ಮಡಿಗೆ ಹಾಕುವುದು ಬೇಡ. ಚೆನ್ನಾಗಿ ಕಳಿತ ಗೊಬ್ಬರ ಮಾತ್ರ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಕಡ್ಡಾಯ. ಪೋಷಕರ ದೂರು ಬರುವುದು ಇಲ್ಲಿಂದಲೇ.

ಮೂಲಂಗಿಯಷ್ಟು ಚೆನ್ನಾಗಿ ಪಾಠ ಹೇಳುವ ಬೆಳೆ ಇನ್ನೊಂದಿಲ್ಲ. ಸಾಲಿನಿಂದ ಸಾಲಿಗೆ 20–25 ಸೆಂ.ಮೀ., ಒಂದೂವರೆ ಸೆಂ.ಮೀ. ಆಳ. ಮಕ್ಕಳು ಚಿಟಿಕೆ ಚಿಟಿಕೆಯಾಗಿ ಸುರಿಯುತ್ತಾರೆ, ಸುರಿಯಲಿ. ಮೊಳಕೆ ಬಂದು, ಮೊದಲ ಜೋಡಿ ಬೀಜದೆಲೆಯ ಮೇಲೆ ಎರಡು ನಿಜವಾದ ಎಲೆ ಬಿಟ್ಟಾಗ ಗಿಡದಿಂದ ಗಿಡಕ್ಕೆ 7–8 ಸೆಂ.ಮೀ. ಉಳಿಸಿ ಮಿಕ್ಕದ್ದನ್ನು ಕಿತ್ತುಹಾಕಬೇಕು. ಇಲ್ಲೇ ಜಗಳ. ತಾವು ಬಿತ್ತಿದ ಜೀವಂತ ಸಸಿ ಕೀಳಲು ಯಾವ ಮಗುವೂ ಒಪ್ಪುವುದಿಲ್ಲ. ಬಲವಂತ ಮಾಡದೆ ಪ್ರತಿ ಮಡಿಯಲ್ಲಿ ಅರ್ಧ ಮಾತ್ರ ತೆಳುಮಾಡಿಸುತ್ತೇವೆ, ಇನ್ನರ್ಧ ಹಾಗೇ ಬಿಡುತ್ತೇವೆ. ಕೊಯ್ಲಿನ ದಿನ ಒಂದು ಬದಿಯಲ್ಲಿ ಗಡ್ಡೆ, ಇನ್ನೊಂದು ಬದಿಯಲ್ಲಿ ಹುರಿಯಂಥ ಬೇರು. ಎರಡನ್ನೂ ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿ ಪುಸ್ತಕಕ್ಕೆ ಬರೆಯುತ್ತಾರೆ. ತೂಕದ ವ್ಯತ್ಯಾಸ ಮೂರು ಪಟ್ಟಿನ ಆಸುಪಾಸು, ಕೆಲವೊಮ್ಮೆ ಇನ್ನೂ ಹೆಚ್ಚು. ತೆಳುಮಾಡಿದ ಕಡೆಯೂ ಬರೀ ಎಲೆ ಬೆಳೆದರೆ ಸಾರಜನಕ ಹೆಚ್ಚಾಗಿದೆ, ಇಲ್ಲವೇ ಮಡಿಗೆ ನೆರಳು ಬೀಳುತ್ತಿದೆ. ಗಡ್ಡೆ ಸೀಳಿದ್ದರೆ ಒಣಗಿಸಿ ಒಮ್ಮೆಲೇ ನೀರು ಹಾಕಿದ್ದಾರೆ. ಪುಸ್ತಕದಲ್ಲಿ ಡಬ್ಬಗಳ ಲೆಕ್ಕ ತೆಗೆದು ನೋಡಿದರೆ ಯಾರು ತಪ್ಪಿಸಿಕೊಂಡರು ಎಂಬುದೂ ಗೊತ್ತಾಗುತ್ತದೆ.

ಹರಿವೆಯಂಥ ಸಣ್ಣ ಬೀಜಕ್ಕೆ ಐದು-ಆರು ಪಾಲು ಒಣಮರಳು ಬೆರೆಸಿ ಕೊಟ್ಟು, ಮೇಲೆ ಮಣ್ಣು ಉದುರಿಸಿದರೆ ಸಾಕು. ಬೆರಳಲ್ಲಿ ಗುಂಡಿ ಮಾಡಿ ಹೂತರೆ ಬರುವುದಿಲ್ಲ. ಮೊಳಕೆ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ, ಒದ್ದೆ ಬಟ್ಟೆಯಲ್ಲಿ 20 ಬೀಜ ಸುತ್ತಿಟ್ಟು ಎಷ್ಟು ಮೊಳೆತವು ಎಂದು ಎಣಿಸುವುದು. ಹನ್ನೆರಡಕ್ಕಿಂತ ಕಡಿಮೆ ಮೊಳೆತರೆ ಆ ಪೊಟ್ಟಣ ಬಿಡುವುದೇ ವಾಸಿ.

ನಡುನಡುವೆ ಬೇರೆ ಆಟಗಳೂ ನಡೆಯುತ್ತವೆ. ಬೀನ್ಸ್ ಹೂ ಬಿಡುವಾಗ ಒಂದು ಗಿಡವನ್ನು ಕೀಳದೆ ಮಣ್ಣಿನ ಸಮೇತ ಅಗೆದು ತೊಳೆದರೆ ಬೇರಿನ ಗಂಟು ಕಾಣುತ್ತವೆ. ಉಗುರಲ್ಲಿ ಸೀಳಿದಾಗ ಒಳಗೆ ಗುಲಾಬಿಗೆಂಪು ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ, ಬಿಳಿಯಾಗಿದ್ದರೆ ಇನ್ನೂ ಶುರುವಾಗಿಲ್ಲ, ಹಸಿರಾಗಿದ್ದರೆ ಮುಗಿದಿದೆ. ಯಾವ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ ಎಂದು ನೋಡಲು ಹತ್ತಿ ಬಟ್ಟೆಯ ತುಂಡನ್ನು ಒಂದು ಗೊಬ್ಬರದ ಮಡಿಯಲ್ಲಿ, ಒಂದು ಆಟದ ಮೈದಾನದಂಚಿನಲ್ಲಿ ಎರಡು ತಿಂಗಳು ಹೂತು ತೆಗೆದದ್ದೂ ಉಂಟು. ಪಾಲಿಯೆಸ್ಟರ್ ಬೆರೆತ ಬಟ್ಟೆ ಹೂತರೆ ಪ್ರಯೋಗ ಕೆಡುತ್ತದೆ, ನೋಡಿ ಆರಿಸಬೇಕು. ಬೀನ್ಸ್ ತನ್ನದೇ ಪರಾಗದಲ್ಲಿ ಕಾಯಿ ಕಟ್ಟುವುದರಿಂದ ಹೈಬ್ರಿಡ್ ಅಲ್ಲದ ತಳಿಯಿದ್ದರೆ ಬೀಜ ಉಳಿಸಬಹುದು. ನಾವು ಈಗ ಬೀನ್ಸ್ ಬೀಜ ಕೊಳ್ಳುವುದೇ ಇಲ್ಲ.

ದೊಡ್ಡ ರಜೆಗೆ ಮಡಿ ಬರಿದು ಬಿಡಬಾರದು. ಮಳೆಯಿದ್ದರೆ ಹಸಿರೆಲೆ ಗೊಬ್ಬರಕ್ಕೆಂದು ದಟ್ಟವಾಗಿ ಸೆಣಬಿನ ಬೀಜ ಚೆಲ್ಲಿ ಹೋಗುವುದು. ಹೂ ಬರುವ ಹೊತ್ತಿಗೆ ಶಾಲೆ ತೆರೆದರೆ ಕತ್ತರಿಸಿ ಮಣ್ಣಿಗೆ ಸೇರಿಸಿ, ಎರಡು-ಮೂರು ವಾರ ಬಿಟ್ಟು ಬಿತ್ತನೆ. ಮಳೆಯಿಲ್ಲದಿದ್ದರೆ ಒಂದು ಗೇಣು ತರಗೆಲೆ ಹೊದಿಕೆ ಹಾಸಿಬಿಡುವುದು.

ಈ ಸಲ ಬೇಲಿಯ ಬುಡಕ್ಕೆ ಕುಂಬಳ ಹಾಕಿದ್ದೇವೆ. ಮೊದಲು ಬರೀ ಗಂಡು ಹೂ ಬಂದು ಉದುರುತ್ತವೆ, ಮಕ್ಕಳು ಗಾಬರಿಯಾಗುತ್ತಾರೆ. ಒಂದೆರಡು ವಾರ ಕಾದರೆ ಬುಡದಲ್ಲಿ ಪುಟ್ಟ ಕಾಯಿ ಇಟ್ಟುಕೊಂಡ ಹೆಣ್ಣು ಹೂ ಬರುತ್ತವೆ. ಹೂ ಬೆಳಗ್ಗೆ ಅರಳಿ ಬಿಸಿಲೇರುವಾಗ ಮುದುಡುವುದರಿಂದ ಪರಾಗ ಸೋಕಿಸುವ ಕೆಲಸ ಪ್ರಾರ್ಥನೆಗೆ ಮುಂಚೆಯೇ ಆಗಬೇಕು. ಶಾಲೆಯ ಹತ್ತಿರ ಮನೆಯಿರುವ ಮಕ್ಕಳಿಗೆ ಸರದಿ ಹಾಕಿದ್ದೇವೆ.